‘ನವಾಹೋ ಹೆಂಗಸು, 1904’: ಆಕೆ ಯಾರ ಮಗಳು?

ಈ ಫೋಟೋವನ್ನು ನೀವೂ ನೋಡಿರುತ್ತೀರಿ. ಇದೇ ಅಲ್ಲದಿದ್ದರೂ ಇಂಥದ್ದೊಂದನ್ನು ನೋಡಿರುತ್ತೀರಿ. ಕಂದು ಬಣ್ಣದ ಹಳೆ ಚಿತ್ರ. ನಡುವಯಸ್ಸಿನ ಹೆಂಗಸು. ಮೈಮೇಲೆ ಮಖಮಲ್ಲಿನ ರವಿಕೆ, ಹೆಗಲ ಸುತ್ತ ಪಟ್ಟೆಪಟ್ಟೆಯ ಉಣ್ಣೆ ಕಂಬಳಿ, ಕೊರಳಲ್ಲಿ ಬೆಳ್ಳಿ ಮಣಿಗಳ ಸರ. ಕೂದಲನ್ನು ಹಿಂದಕ್ಕೆ ಬಾಚಿ, ಬಿಳಿ ಉಣ್ಣೆ ನೂಲಿನಿಂದ ಬಿಗಿಯಾಗಿ ಗಂಟು ಕಟ್ಟಿದ್ದಾರೆ. ಕ್ಯಾಮೆರಾವನ್ನು ನೋಡುತ್ತಿಲ್ಲ, ಅದರಾಚೆ ಎಲ್ಲೋ ನೋಡುತ್ತಿದ್ದಾರೆ. ಕೆಳಗೆ ಎರಡೇ ಪದ: ‘ನವಾಹೋ ಹೆಂಗಸು’. ನವಾಹೋ ಎಂದರೆ ಅಮೆರಿಕದ ಒಂದು ಮೂಲನಿವಾಸಿ ಜನ. ಪಕ್ಕದಲ್ಲಿ ಒಂದು ಇಸವಿ, ಹೆಚ್ಚಾಗಿ 1904.

ಇತ್ತೀಚೆಗೆ ಇಂಥ ಫೋಟೋಗಳು ಮೊಬೈಲಿಗೆ ಬರುವ ರೀತಿಯೇ ಬೇರೆಯಾಗಿದೆ. ಕಂದು ಹೋಗಿ ಬಣ್ಣ ಬಂದಿದೆ. ಕಂಬಳಿ ಕೆಂಪಾಗಿದೆ, ಆಕಾಶ ನೀಲಿಯಾಗಿದೆ, ಕೆನ್ನೆಯ ಸುಕ್ಕು ಹೋಗಿ ನುಣುಪಾಗಿದೆ. ಕೆಲವದರಲ್ಲಿ ಆಕೆ ಕತ್ತು ಹೊರಳಿಸುತ್ತಾರೆ, ಕಣ್ಣು ಮಿಟುಕಿಸಿ ನಗುತ್ತಾರೆ. 2021ರಲ್ಲಿ ಮೈಹೆರಿಟೇಜ್ ಕಂಪನಿ ‘ಡೀಪ್ ನೋಸ್ಟಾಲ್ಜಿಯಾ’ ಎಂಬ ಸೌಲಭ್ಯ ಬಿಟ್ಟ ಮೇಲೆ, ಸತ್ತವರ ಫೋಟೋವನ್ನು ಅಲುಗಾಡಿಸುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸವಾಯಿತು. ಇಂಥ ಮುಖಗಳು ಟೀ ಶರ್ಟ್ ಮೇಲೆ, ಕ್ಯಾಲೆಂಡರ್ ಮೇಲೆ, ಗೋಡೆಗೆ ಹಾಕುವ ಪ್ರಿಂಟ್ ಮೇಲೆ ಮಾರಾಟಕ್ಕಿವೆ. ಇಷ್ಟೆಲ್ಲ ಬದಲಾದರೂ ಆ ಎರಡು ಪದ ಮಾತ್ರ ಹಾಗೇ ಉಳಿದಿವೆ.

ನನ್ನನ್ನು ಕಾಡುವುದು ಆ ಎರಡು ಪದ. ನಮ್ಮಲ್ಲಿ ಗುರುತಿಲ್ಲದ ಹುಡುಗಿ ಓಣಿಯಲ್ಲಿ ಕಂಡರೆ ಹಿರಿಯರು ಮೊದಲು ಕೇಳುವುದೇನು? ‘ಯಾರ ಮಗಳಮ್ಮಾ ನೀನು? ಯಾವೂರು?’ ಅಲ್ವಾ? ನವಾಹೋ ಜನರಲ್ಲೂ ಇದೇ ಮೊದಲ ಪ್ರಶ್ನೆ. ಅವರಲ್ಲಿ ಅದಕ್ಕೆ ಕೊಡುವ ಉತ್ತರ ನಮ್ಮದಕ್ಕಿಂತ ಉದ್ದ. ಒಬ್ಬಾಕೆ ತನ್ನನ್ನು ಪರಿಚಯಿಸಿಕೊಳ್ಳುವಾಗ ನಾಲ್ಕು ಕುಲಗಳ ಹೆಸರು ಹೇಳುತ್ತಾಳೆ. ಮೊದಲು ತಾಯಿಯ ಕುಲ, ಅದೇ ಆಕೆಯ ಕುಲ. ಆಮೇಲೆ ತಂದೆಯ ಕುಲ, ‘ಇವರಿಗಾಗಿ ಹುಟ್ಟಿದವಳು’ ಎಂಬ ಮಾತಿನೊಂದಿಗೆ. ಆಮೇಲೆ ತಾಯಿಯ ತಂದೆಯ ಕುಲ, ಕೊನೆಗೆ ತಂದೆಯ ತಂದೆಯ ಕುಲ. ಇಷ್ಟು ಕೇಳಿದ ಮೇಲೆ ಎದುರಿಗಿದ್ದವರಿಗೆ ಆಕೆ ಅಕ್ಕನಾಗಬೇಕೋ, ಅಜ್ಜಿಯಾಗಬೇಕೋ, ಮದುವೆ ಸಂಬಂಧ ಕೂಡುತ್ತದೋ ಇಲ್ಲವೋ ಎಲ್ಲ ಗೊತ್ತಾಗಿಬಿಡುತ್ತದೆ. ಈ ನಂಟಿನ ಕಟ್ಟಿಗೆ ಅವರು ‘ಕೆ’ ಎನ್ನುತ್ತಾರೆ. ತುಳುನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲೂ ‘ಬರಿ’, ಅಂದರೆ ಕುಲ, ಬರುವುದು ತಾಯಿಯಿಂದಲೇ.

ಫೋಟೋದ ಕೆಳಗೆ ಈ ನಾಲ್ಕರಲ್ಲಿ ಒಂದೂ ಇಲ್ಲ. ಅವರ ಲೆಕ್ಕದಲ್ಲಿ ಒಬ್ಬ ಮನುಷ್ಯಳನ್ನು ಗುರುತಿಸಲು ಬೇಕಾದದ್ದೆಲ್ಲ ಬಿಟ್ಟುಹೋಗಿದೆ.

ಹೆಸರಿನ ವಿಷಯವನ್ನೂ ಹೇಳಿಬಿಡುತ್ತೇನೆ. ‘ನವಾಹೋ’ ಅವರು ತಮಗೆ ಇಟ್ಟುಕೊಂಡ ಹೆಸರಲ್ಲ. ನೆರೆಯ ಪ್ವೆಬ್ಲೋ ಜನರ ಮಾತನ್ನು ಸ್ಪೇನಿನವರು ಹಿಡಿದುಕೊಂಡು ಬಳಕೆಗೆ ತಂದದ್ದು. ಅವರು ತಮ್ಮನ್ನು ಕರೆದುಕೊಳ್ಳುವುದು ‘ಡಿನೇ’ ಎಂದು. ಹಾಗೆಂದರೆ ಸುಮ್ನೆ ‘ಜನ’ ಎಂದರ್ಥ. ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ಮೂರೂ ರಾಜ್ಯಗಳಿಗೆ ಹರಡಿಕೊಂಡ ಅವರ ನಾಡಿನ ವಿಸ್ತಾರ ಸುಮಾರು 70 ಸಾವಿರ ಚದರ ಕಿಲೋಮೀಟರ್. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ವಿಂಡೋ ರಾಕ್ ಅವರ ರಾಜಧಾನಿ. ಅವರದ್ದೇ ಅಧ್ಯಕ್ಷರು, ಶಾಸನ ಸಭೆ, ನ್ಯಾಯಾಲಯ, ಪೊಲೀಸ್ ಇದ್ದಾರೆ. ಈಗ ನೋಂದಾಯಿತ ಸದಸ್ಯರ ಸಂಖ್ಯೆ 4 ಲಕ್ಷದ ಹತ್ತಿರ. ಈ ಸಂಖ್ಯೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

1904ರಲ್ಲಿ ಅಲ್ಲಿಗೆ ದೊಡ್ಡ ಕ್ಯಾಮೆರಾ ಹೊತ್ತು ಹೋದವರು ಎಡ್ವರ್ಡ್ ಕರ್ಟಿಸ್. ಸಿಯಾಟಲ್ ನಗರದಲ್ಲಿ ಅವರದ್ದೊಂದು ಸ್ಟುಡಿಯೋ ಇತ್ತು. ಶ್ರೀಮಂತರ ಫೋಟೋ ತೆಗೆದು ಹೆಸರು ಮಾಡಿದ್ದರು. ಅಮೆರಿಕದ ಮೂಲನಿವಾಸಿಗಳು ಇನ್ನೇನು ಇಲ್ಲವಾಗುತ್ತಾರೆ, ಅಷ್ಟರೊಳಗೆ ಎಲ್ಲರನ್ನೂ ಚಿತ್ರದಲ್ಲಿ ಹಿಡಿದಿಡಬೇಕು ಎಂಬ ಹಂಬಲ ಅವರಿಗೆ ಹತ್ತಿತು. ಬ್ಯಾಂಕರ್ ಜೆ.ಪಿ. ಮೋರ್ಗನ್ 1906ರಲ್ಲಿ 75 ಸಾವಿರ ಡಾಲರ್ ಕೊಡಲು ಒಪ್ಪಿದರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮುನ್ನುಡಿ ಬರೆದರು. 1907ರಿಂದ 1930ರವರೆಗೆ ‘ದಿ ನಾರ್ತ್ ಅಮೆರಿಕನ್ ಇಂಡಿಯನ್’ ಹೆಸರಿನಲ್ಲಿ 20 ಸಂಪುಟ ಬಂದವು. ತೆಗೆದ ಫೋಟೋಗಳು ಸುಮಾರು 40 ಸಾವಿರ, ಅಚ್ಚಾದವು 2,200ಕ್ಕೂ ಹೆಚ್ಚು. ಮೊದಲ ಸಂಪುಟವೇ ಅಪಾಚೆ ಮತ್ತು ನವಾಹೋ ಜನರದ್ದು. ಈ ಕೆಲಸಕ್ಕಾಗಿ ಕರ್ಟಿಸ್ ಸಂಸಾರ, ಆರೋಗ್ಯ, ದುಡ್ಡು ಎಲ್ಲವನ್ನೂ ಕಳೆದುಕೊಂಡರು. ಅವರ ಶ್ರಮವನ್ನು ನಾನು ಹಗುರ ಮಾಡುವುದಿಲ್ಲ. ಆ ಬೆಳಕು, ಆ ನೆರಳು, ಮುಖದ ಮೇಲಿನ ಒಂದೊಂದು ಗೆರೆ ನಿಜಕ್ಕೂ ಮನಸ್ಸಿಗೆ ತಟ್ಟುತ್ತದೆ.

ತಪ್ಪಿದ್ದು ಅವರ ನಂಬಿಕೆಯಲ್ಲಿ. ಅದೇ 1904ರಲ್ಲಿ ಅವರು ತೆಗೆದ ಇನ್ನೊಂದು ಪ್ರಸಿದ್ಧ ಚಿತ್ರವಿದೆ. ನವಾಹೋ ಕುದುರೆ ಸವಾರರ ಸಾಲು ನಮಗೆ ಬೆನ್ನು ಹಾಕಿ ಬೆಟ್ಟದ ಕತ್ತಲಿನತ್ತ ಹೋಗುತ್ತಿದೆ. ಅದಕ್ಕೆ ಕರ್ಟಿಸ್ ಇಟ್ಟ ಹೆಸರು ‘ಮರೆಯಾಗುತ್ತಿರುವ ಜನಾಂಗ’. ಈ ಜನ ಗೊತ್ತಿಲ್ಲದ ಕತ್ತಲೆಗೆ ಸರಿದುಹೋಗುತ್ತಿದ್ದಾರೆ ಎಂಬುದು ಅವರ ವಿವರಣೆ. ಅದೇ ಹೊತ್ತಿಗೆ ನವಾಹೋ ನಾಡಿನಲ್ಲಿ ನಡೆಯುತ್ತಿದ್ದದ್ದು ಇದಕ್ಕೆ ಪೂರಾ ಉಲ್ಟಾ. 1864ರಿಂದ ಅಮೆರಿಕದ ಸೈನ್ಯ ಅವರ ಬೆಳೆ ಸುಟ್ಟು, ಪೀಚ್ ಮರ ಕಡಿದು, ಸಾವಿರಾರು ಜನರನ್ನು ನೂರಾರು ಮೈಲಿ ನಡೆಸಿ ಬೊಸ್ಕೆ ರೆಡೊಂಡೊ ಎಂಬಲ್ಲಿ ಕೂಡಿಹಾಕಿತ್ತು. ಅಲ್ಲಿ ಸೆರೆಯಾದವರು 8 ಸಾವಿರಕ್ಕೂ ಹೆಚ್ಚು. ಹಸಿವು, ಕಾಯಿಲೆ, ಕೆಟ್ಟ ನೀರಿನಿಂದ ಬಹಳ ಜನ ಸತ್ತರು. 1868ರ ಜೂನ್ 1ರಂದು ಒಪ್ಪಂದವಾಯಿತು, ಉಳಿದವರು ಊರಿಗೆ ಮರಳಿದರು. ಒಪ್ಪಂದದಲ್ಲಿ 15 ಸಾವಿರ ಕುರಿ ಮೇಕೆಗಳ ಮಾತಿತ್ತು. ಅವನ್ನೇ ಸಾಕಿ, ಹಿಂಡು ಬೆಳೆಸಿ, ಉಣ್ಣೆ ನೂತು, ಕಂಬಳಿ ನೇಯ್ದು ಬದುಕು ಮತ್ತೆ ಕಟ್ಟಿಕೊಂಡರು. ಕರ್ಟಿಸ್ ಬಂದದ್ದು ಅದಾದ 36 ವರ್ಷಕ್ಕೆ. ಜನಸಂಖ್ಯೆ ಆಗ ಏರುತ್ತಿತ್ತು. ಅವತ್ತು ಮರೆಯಾಗುತ್ತಾರೆ ಎಂದುಕೊಂಡವರೇ ಇವತ್ತು 4 ಲಕ್ಷದ ಹತ್ತಿರ ಇದ್ದಾರೆ.

ಈ ತಪ್ಪು ನಂಬಿಕೆಗೂ ಹೆಸರು ಬಿಟ್ಟುಹೋಗಿದ್ದಕ್ಕೂ ಸಂಬಂಧವಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಾಳೆ ಈಕೆಯ ಮೊಮ್ಮಗಳು ಬಂದು ‘ನಮ್ಮಜ್ಜಿಯ ಫೋಟೋ ಎಲ್ಲಿ’ ಎಂದು ಕೇಳುತ್ತಾಳೆ ಎಂಬ ಯೋಚನೆ ಇದ್ದಿದ್ದರೆ ಹೆಸರು ಬರೆದಿಡುತ್ತಿದ್ದರು. ಮೊಮ್ಮಕ್ಕಳೇ ಇರುವುದಿಲ್ಲ ಎಂದುಕೊಂಡರೆ, ಬರೆಯುವುದು ಯಾರಿಗಾಗಿ?

ಎಲ್ಲರ ಹೆಸರೂ ಬಿಟ್ಟುಹೋಗಿದೆ ಎಂದಲ್ಲ. ಮೊದಲ ಸಂಪುಟದ ನವಾಹೋ ಚಿತ್ರಗಳನ್ನು ಒಮ್ಮೆ ತಿರುವಿ ಹಾಕಿ. ‘ನೆಸ್ಜಾಜಾ ಹತಾಲಿ’ ಎಂಬ ಮಂತ್ರವಾದಿ ವೈದ್ಯರ ಭಾವಚಿತ್ರವಿದೆ, ಅವರಿಗೆ ಹೆಸರಿದೆ. ಬಯಲಿನಲ್ಲಿ ಮಗ್ಗದ ಮುಂದೆ ಕೂತು ಕಂಬಳಿ ನೇಯುವಾಕೆಗೆ ಸಿಕ್ಕ ಹೆಸರು ‘ಕಂಬಳಿ ಮಾಡುವಾಕೆ’. ಕುದುರೆ ಮೇಲಿನ ಹೆಂಗಸರಿಗೆ ‘ಮರುಭೂಮಿಯ ಹೆಂಗಸರು’. ತಾಯಿಯಿಂದ ಕುಲ ನಡೆಯುವ, ಕುರಿ ಮತ್ತು ಮನೆ ಹೆಂಗಸರ ಕೈಯಲ್ಲಿದ್ದ ಸಮಾಜದಲ್ಲಿ ಹೀಗಾಯಿತು. ಹೊರಗಿನಿಂದ ಬಂದವರಿಗೆ ಮುಖ್ಯರಾಗಿ ಕಂಡದ್ದು ಗಂಡಸರು.

ಇನ್ನು ಆ ಉಡುಪು. ನೋಡಿದ ತಕ್ಷಣ ನಮಗೆ ‘ಎಷ್ಟು ಪುರಾತನ’ ಅನ್ನಿಸುತ್ತದೆ. ವಿಷಯ ಬೇರೆಯೇ ಇದೆ. ನವಾಹೋ ಹೆಂಗಸರ ಹಳೆಯ ಉಡುಪಿನ ಹೆಸರು ‘ಬೀಲ್’. ಮಗ್ಗದಲ್ಲಿ ನೇಯ್ದ ಎರಡು ಉಣ್ಣೆ ಹಾಳೆಗಳನ್ನು ಹೆಗಲಲ್ಲೂ ಪಕ್ಕದಲ್ಲೂ ಹೊಲಿದ ಅಂಗಿ. ನಡುವೆ ಕಪ್ಪು, ಮೇಲಂಚು ಕೆಳಂಚಿನಲ್ಲಿ ಕೆಂಪು ಚಿತ್ತಾರ. ಮಖಮಲ್ಲಿನ ರವಿಕೆ ಮತ್ತು ನೆರಿಗೆಯ ಲಂಗ ಸೆರೆಯಿಂದ ಮರಳಿದ ಮೇಲೆ, ರೈಲು ಮತ್ತು ವ್ಯಾಪಾರದ ಅಂಗಡಿಗಳು ಬಂದ ಮೇಲೆ ಹಬ್ಬಿದ ಹೊಸ ರೂಢಿ. ಬೆಳ್ಳಿ ಕೆಲಸವನ್ನು ಅವರು ಕಲಿತದ್ದೂ 19ನೇ ಶತಮಾನದಲ್ಲೇ. ಅಂದರೆ 1904ರ ಆ ಹೆಂಗಸು ತನ್ನ ಕಾಲದ ಒಳ್ಳೆಯ ಬಟ್ಟೆ ಉಟ್ಟು, ಹೊಸ ಆಭರಣ ತೊಟ್ಟು ಕೂತಿದ್ದರು. ನಮ್ಮಜ್ಜಿಯರು ಸ್ಟುಡಿಯೋಗೆ ಹೋಗುವಾಗ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಉಡುತ್ತಿದ್ದರಲ್ಲ, ಹಾಗೆ. ನೋಡುವವರು ಮಾತ್ರ ಆಕೆಯನ್ನು ಸಾವಿರ ವರ್ಷ ಹಿಂದಕ್ಕೆ ಕಳಿಸಿಬಿಟ್ಟರು. ಕರ್ಟಿಸ್ ಇದನ್ನು ಬೇಕೆಂದೇ ಮಾಡಿದ ಉದಾಹರಣೆಯೂ ಇದೆ. 1910ರ ಒಂದು ಚಿತ್ರದಲ್ಲಿ ಪೀಗನ್ ಎಂಬ ಇನ್ನೊಂದು ಮೂಲನಿವಾಸಿ ಜನರ ಇಬ್ಬರು ಗುಡಾರದಲ್ಲಿ ಕೂತಿದ್ದಾರೆ, ನಡುವೆ ಒಂದು ಗಡಿಯಾರವಿದೆ. ಪುಸ್ತಕದಲ್ಲಿ ಅಚ್ಚಾದಾಗ ಗಡಿಯಾರವನ್ನು ಅಳಿಸಿಹಾಕಲಾಗಿತ್ತು.

ಹೆಸರಿದ್ದ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆ ಎಂದೂ ಅಲ್ಲ. ಗನಾಡೊ ಊರಿನ ಎಲ್ ಎಂಬ ನೇಕಾರ್ತಿಯ ಮುಖ ಆ ಕಾಲದಲ್ಲಿ ಅಮೆರಿಕದ ಮನೆಮನೆಗೂ ತಲುಪಿತ್ತು. ರೈಲ್ವೆ ಹೋಟೆಲ್‌ಗಳನ್ನು ನಡೆಸುತ್ತಿದ್ದ ಫ್ರೆಡ್ ಹಾರ್ವಿ ಕಂಪನಿ ಆಕೆಯನ್ನು ಆಲ್ಬುಕರ್ಕಿಯ ಅಲ್ವರಾಡೊ ಹೋಟೆಲಿನಲ್ಲಿ ಪ್ರವಾಸಿಗರ ಮುಂದೆ ನೇಯಲು ಕೂರಿಸಿತ್ತು. ಆಕೆಯ ಪೋಸ್ಟ್‌ಕಾರ್ಡ್‌ಗಳು ರಾಶಿ ರಾಶಿ ಮಾರಾಟವಾದವು. 1903ರಲ್ಲಿ ರೂಸ್‌ವೆಲ್ಟ್ ಬಂದಾಗ ಅವರಿಗೆ ಕೊಟ್ಟ ಕಂಬಳಿ ನೇಯ್ದದ್ದೂ ಈಕೆಯೇ. ಅವರ ಡಿನೇ ಹೆಸರು ‘ಆಸ್ಜಾ ಲಿಚೀ’, ಕೆಂಪು ಹೆಂಗಸು ಎಂದರ್ಥ. ಪೋಸ್ಟ್‌ಕಾರ್ಡ್ ಕೊಂಡವರಿಗೆ ಗೊತ್ತಿದ್ದದ್ದು ‘ಎಲ್’ ಎಂಬ ಚಿಕ್ಕ ಹೆಸರು. ಆ ದಿನಗಳಲ್ಲಿ ನವಾಹೋ ಕಂಬಳಿಗಳನ್ನು ಅಂಗಡಿಯವರು ತಕ್ಕಡಿಗೆ ಹಾಕಿ ಪೌಂಡ್ ಲೆಕ್ಕದಲ್ಲಿ ಕೊಳ್ಳುತ್ತಿದ್ದರು ಎಂಬುದನ್ನೂ ಇದರ ಜೊತೆ ಓದಿಕೊಳ್ಳಿ. ತಿಂಗಳುಗಟ್ಟಲೆ ಕೂತು ನೇಯ್ದದ್ದಕ್ಕೆ ತೂಕದ ಬೆಲೆ.

ಈಗ ಇನ್ನೊಂದು ಫೋಟೋ. ನನಗೆ ತುಂಬ ಮುಖ್ಯ ಅನ್ನಿಸುವುದು ಇದು. ಕರ್ಟಿಸ್‌ಗಿಂತ 30 ವರ್ಷ ಮೊದಲಿನದು, 1874ರದ್ದು. ತೆಗೆದ ಜಾಗ ವಾಷಿಂಗ್ಟನ್‌ನಲ್ಲಿ ಚಾರ್ಲ್ಸ್ ಮಿಲ್ಟನ್ ಬೆಲ್ ಎಂಬುವರ ಸ್ಟುಡಿಯೋ. ನವಾಹೋ ನಾಯಕ ಮ್ಯಾನುವೆಲಿಟೊ ಮತ್ತು ಸಂಗಡಿಗರು ಅಧ್ಯಕ್ಷ ಗ್ರಾಂಟ್ ಅವರನ್ನು ಕಂಡು ತಮ್ಮ ನೆಲದ ತಕರಾರು ಹೇಳಲು ರಾಜಧಾನಿಗೆ ಹೋಗಿದ್ದರು. ಜೊತೆಗೆ ಮ್ಯಾನುವೆಲಿಟೊ ಅವರ ಹೆಂಡತಿಯೂ ಇದ್ದರು. ದಾಖಲೆಗಳಲ್ಲಿ ಆಕೆಯ ಹೆಸರು ‘ಹ್ವಾನಿಟಾ’. ಅದು ಸ್ಪ್ಯಾನಿಷ್ ಹೆಸರು. ತನ್ನವರಿಗೆ ಆಕೆ ‘ಆಸ್ಜಾ ಟ್ಲೋಗೀ’. ನೇಯುವ ಹೆಂಗಸು ಎಂದು ಅದನ್ನು ಬಿಡಿಸಿ ಹೇಳುತ್ತಾರೆ. ಟ್ಲೋಗೀ ಒಂದು ಕುಲದ ಹೆಸರೂ ಹೌದು.

ಫೋಟೋದಲ್ಲಿ ಆಕೆ ಉಟ್ಟಿರುವುದು ಬೀಲ್. ಸೆರೆಶಿಬಿರ ಕಂಡು ಬಂದವರು. ತನ್ನ ಊರಿನಿಂದ ಸಾವಿರಾರು ಕಿಲೋಮೀಟರ್ ದೂರ ಬಂದು, ಗುರುತಿಲ್ಲದವರ ಸ್ಟುಡಿಯೋದಲ್ಲಿ, ಮೈಮೇಲೆ ತಮ್ಮ ಮಗ್ಗದ ಬಟ್ಟೆ ಹಾಕಿಕೊಂಡು ಕೂತಿದ್ದಾರೆ. ಬಹಳ ಕಾಲ ಇತಿಹಾಸದ ಪುಸ್ತಕಗಳಲ್ಲಿ ಇದು ‘ಮ್ಯಾನುವೆಲಿಟೊ ಅವರ ಹೆಂಡತಿ’ ಎಂಬ ಶೀರ್ಷಿಕೆಯ ಚಿತ್ರವಾಗಿತ್ತು, ಅಷ್ಟೇ.

ಜೆನಿಫರ್ ನೆಜ್ ಡೆನೆಟ್‌ಡೇಲ್ ಎಂಬ ಡಿನೇ ಇತಿಹಾಸಕಾರ್ತಿ ಈ ಹೆಂಗಸಿನ ಮರಿಮೊಮ್ಮಗಳ ಮೊಮ್ಮಗಳು. ಇತಿಹಾಸದಲ್ಲಿ ಪಿಎಚ್‌ಡಿ ಪಡೆದ ಮೊದಲ ಡಿನೇ ವ್ಯಕ್ತಿ ಅವರು. ಹ್ವಾನಿಟಾ ಅವರ ಫೋಟೋಗಳನ್ನು ಮನೆತನದ ಹಿರಿಯರು ಹೇಳಿಕೊಂಡು ಬಂದ ಕಥೆಗಳ ಪಕ್ಕದಲ್ಲಿಟ್ಟು ಓದಿದರು. 2007ರಲ್ಲಿ ಅದು ಪುಸ್ತಕವಾಗಿ ಬಂತು. ಅಲ್ಲಿ ಚಿತ್ರವೇ ಬದಲಾಗುತ್ತದೆ. ಬಿಳಿಯರ ಬರಹದಲ್ಲಿ ದೊಡ್ಡ ಹೆಸರು ಮ್ಯಾನುವೆಲಿಟೊ ಅವರದ್ದು. ಮನೆಯ ಕಥೆಗಳಲ್ಲಿ ನಡುವೆ ಕೂತಿರುವುದು ಈಕೆ. ಕುಲ ಮುಂದುವರಿಯುವುದು ತಾಯಿಯಿಂದ ತಾನೆ? ಹೆಣ್ಣುಮಕ್ಕಳಿಂದ ಹೆಣ್ಣುಮಕ್ಕಳಿಗೆ ಇಳಿದು ಬಂದ ನೆನಪಿನಲ್ಲಿ ಇವರು ಮನೆತನದ ಮೂಲದ ತಾಯಿ. ಹೊರಗಿನವರು ‘ನಾಯಕನ ಹೆಂಡತಿ’ ಎಂದು ಬರೆದಿಟ್ಟಾಕೆಯನ್ನು ಮೊಮ್ಮಕ್ಕಳು ‘ಅಜ್ಜಿ’ ಎಂದು ಗುರುತು ಹಿಡಿದರು. ಬೆಲ್ ತೆಗೆದ ಫೋಟೋದಲ್ಲಿ ಒಂದು ಗೆರೆಯೂ ಬದಲಾಗಿಲ್ಲ. ಬದಲಾದದ್ದು ಅದನ್ನು ಯಾರು ನೋಡುತ್ತಿದ್ದಾರೆ ಎಂಬುದು.

ಹೆಸರಿಲ್ಲದ 1904ರ ಹೆಂಗಸಿಗೂ ಮೊಮ್ಮಕ್ಕಳು ಇದ್ದೇ ಇರಬಹುದಲ್ಲ? ಟೂಬಾ ಸಿಟಿಯಲ್ಲೋ, ಚಿನ್‌ಲೀಯಲ್ಲೋ, ಫೀನಿಕ್ಸ್‌ನಲ್ಲೋ ಯಾರೋ ಒಬ್ಬರು ಬೆಳಿಗ್ಗೆ ಮೊಬೈಲ್ ತೆರೆದಾಗ ತಮ್ಮದೇ ಮುತ್ತಜ್ಜಿಯ ಮುಖ ಎದುರಾಗಬಹುದು, ಟೀ ಶರ್ಟಿನ ಜಾಹೀರಾತಿನಲ್ಲಿ. ಅವರಿಗೂ ಗೊತ್ತಾಗುವುದಿಲ್ಲ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಬಣ್ಣ ಹಚ್ಚುವ ತಂತ್ರದ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಹಳೆ ಕಪ್ಪುಬಿಳುಪು ಫೋಟೋದಲ್ಲಿ ಬಣ್ಣ ಅಡಗಿ ಕೂತಿದೆ, ಸಾಫ್ಟ್‌ವೇರ್ ಅದನ್ನು ಹೊರಗೆ ತೆಗೆಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 1874ರ ಕಾಲದ ಗಾಜಿನ ತಟ್ಟೆಗೆ ಕೊಲೋಡಿಯನ್ ಎಂಬ ಅಂಟು ದ್ರವ ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಒದ್ದೆ ಇರುವಾಗಲೇ ಫೋಟೋ ತೆಗೆಯುತ್ತಿದ್ದರು. ಆ ತಟ್ಟೆಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತದೆ, ಕೆಂಪು ಹೆಚ್ಚೂಕಡಿಮೆ ಕಾಣುವುದೇ ಇಲ್ಲ. ಹಾಗಾಗಿ ನೀಲಿ ಆಕಾಶ ಬಿಳಿಯಾಗುತ್ತದೆ. ನೀಲಿ ಹರಳು ಪೇಲವವಾಗುತ್ತದೆ. ಕೆಂಪು ನೂಲು ಕಪ್ಪಾಗುತ್ತದೆ. ಬೀಲ್‌ನ ಕೆಂಪು ಅಂಚೂ ನಡುವಿನ ಕಪ್ಪೂ ಒಂದಕ್ಕೊಂದು ಬೆರೆತಂತೆ ಕಾಣುತ್ತದೆ. ಕಂದು ಮೈಬಣ್ಣದಲ್ಲಿ ಕೆಂಪಿನ ಪಾಲು ಜಾಸ್ತಿ. ಅದಕ್ಕೇ ಮುಖ ಇದ್ದದ್ದಕ್ಕಿಂತ ಕಪ್ಪಾಗಿ, ಸುಕ್ಕುಗಳು ಆಳವಾಗಿ ಬೀಳುತ್ತವೆ. 1904ರ ಹೊತ್ತಿಗೆ ಒಣ ತಟ್ಟೆ ಬಂದಿತ್ತು, ಅದೂ ಕೆಂಪಿಗೆ ಕುರುಡೇ. ಮೂಲದಲ್ಲೇ ದಾಖಲಾಗದ ಬಣ್ಣವನ್ನು ಸಾಫ್ಟ್‌ವೇರ್ ಎಲ್ಲಿಂದ ತರುತ್ತದೆ? ತಾನು ನೋಡಿದ ಲಕ್ಷಾಂತರ ಬೇರೆ ಫೋಟೋಗಳಿಂದ ಊಹೆ ಮಾಡುತ್ತದೆ. ಕೊನೆಗೆ ಸಿಗುವುದು ಎಲ್ಲೂ ಇಲ್ಲದ ಒಬ್ಬ ಹೆಂಗಸು, ಯಾರೂ ನೇಯದ ಒಂದು ಕಂಬಳಿ. ನವಾಹೋ ನೇಕಾರ್ತಿಯರಿಗೆ ಒಂದೊಂದು ಬಣ್ಣಕ್ಕೂ ಅರ್ಥವಿದೆ. ಬಿಳಿ, ನೀಲಿ, ಹಳದಿ, ಕಪ್ಪು ಈ ನಾಲ್ಕು ಅವರ ನಾಲ್ಕು ದಿಕ್ಕುಗಳ ಬಣ್ಣ. ಸುಮ್ನೆ ಊಹಿಸಿ ಬಳಿಯುವ ವಿಷಯವಲ್ಲ ಅದು.

ಕಾನೂನು ಏನನ್ನುತ್ತದೆ? ಕರ್ಟಿಸ್ ಚಿತ್ರಗಳ ಹಕ್ಕುಸ್ವಾಮ್ಯ ಮುಗಿದಿದೆ. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅವರ 2,400ಕ್ಕೂ ಹೆಚ್ಚು ಪ್ರಿಂಟ್‌ಗಳಿವೆ, ಸ್ಕ್ಯಾನ್‌ಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹಕ್ಕುಸ್ವಾಮ್ಯ ಯಾವತ್ತೂ ಇದ್ದದ್ದು ಫೋಟೋ ತೆಗೆದವರಿಗೆ. ಎದುರು ಕೂತವರಿಗೆ ಮೊದಲೂ ಇರಲಿಲ್ಲ, ಈಗಲೂ ಇಲ್ಲ. 1990ರ ಅಮೆರಿಕದ ಕಾನೂನೊಂದು ಮೂಲನಿವಾಸಿಗಳ ಅಸ್ಥಿ, ಸಮಾಧಿಯ ವಸ್ತು, ಪವಿತ್ರ ವಸ್ತುಗಳನ್ನು ಮ್ಯೂಸಿಯಂಗಳು ಮರಳಿಸಬೇಕು ಎನ್ನುತ್ತದೆ. 2024ರ ಜನವರಿಯಲ್ಲಿ ಅದರ ನಿಯಮ ಇನ್ನೂ ಬಿಗಿಯಾಯಿತು, ದೊಡ್ಡ ದೊಡ್ಡ ಮ್ಯೂಸಿಯಂಗಳು ಕೆಲವು ಕೋಣೆಗಳನ್ನೇ ಮುಚ್ಚಿದವು. ಮುಖದ ಫೋಟೋಗೆ ಅದರಲ್ಲಿ ಹೆಸರಿಟ್ಟು ಜಾಗ ಕೊಟ್ಟಿಲ್ಲ.

‘ನವಾಹೋ’ ಎಂಬ ಪದಕ್ಕಾದರೆ ಗಟ್ಟಿ ರಕ್ಷಣೆ ಇದೆ. ಆ ಪದ ನವಾಹೋ ನೇಷನ್‌ನ ನೋಂದಾಯಿತ ಟ್ರೇಡ್‌ಮಾರ್ಕ್. ಅರ್ಬನ್ ಔಟ್‌ಫಿಟರ್ಸ್ ಕಂಪನಿ ಆ ಹೆಸರಿನಲ್ಲಿ ಒಳಉಡುಪು, ಮದ್ಯದ ಫ್ಲಾಸ್ಕ್ ಮಾರಿದಾಗ 2012ರಲ್ಲಿ ಕೇಸು ಹಾಕಿದರು. 2016ರಲ್ಲಿ ರಾಜಿಯಾಯಿತು. ಅಂದರೆ ಇವತ್ತಿನ ಸ್ಥಿತಿಯಲ್ಲಿ ಫೋಟೋದ ಕೆಳಗಿನ ಎರಡು ಪದಗಳಲ್ಲಿ ಒಂದಕ್ಕೆ ಹಕ್ಕುದಾರರಿದ್ದಾರೆ, ಮೇಲಿನ ಮುಖಕ್ಕೆ ಇಲ್ಲ.

ಮುಖಕ್ಕಾಗಿ ಕೋರ್ಟಿಗೆ ಹೋದದ್ದೂ ಉಂಟು. ಲಾರಾ ಗಿಲ್ಪಿನ್ ಎಂಬ ಒಳ್ಳೆಯ ಫೋಟೋಗ್ರಾಫರ್ 1932ರಲ್ಲಿ ಒಬ್ಬ ತಾಯಿ ಮತ್ತು ಮಗುವಿನ ಚಿತ್ರ ತೆಗೆದರು. ಗಿಲ್ಪಿನ್ ನವಾಹೋ ಜನರ ಜೊತೆ ದಶಕಗಟ್ಟಲೆ ಒಡನಾಡಿದವರು, ಅವಸರದ ಪ್ರವಾಸಿಯಲ್ಲ. ಆದರೂ ಆ ಚಿತ್ರಕ್ಕೆ ಬಂದ ಹೆಸರು ‘ನವಾಹೋ ಮಡೋನಾ’. ಮೇರಿಮಾತೆಯ ಹೆಸರು ಆಕೆಗೆ ಅಂಟಿತು, ಆಕೆಯ ಹೆಸರು ಆಕೆಗಿಲ್ಲ. ಗಿಲ್ಪಿನ್ ಅವರ ಸಂಗ್ರಹ ಟೆಕ್ಸಸ್‌ನ ಅಮೊನ್ ಕಾರ್ಟರ್ ಮ್ಯೂಸಿಯಂಗೆ ಹೋಯಿತು. 1980ರ ದಶಕದಲ್ಲಿ ಫೋಟೋದಲ್ಲಿದ್ದವರ ಕಡೆಯವರು ಒಪ್ಪಿಗೆಯಿಲ್ಲದೆ ಚಿತ್ರ ಬಳಸಿದ್ದಕ್ಕಾಗಿ ಫೆಡರಲ್ ಕೋರ್ಟಿನ ಮೆಟ್ಟಿಲೇರಿದರು. ಫೋಟೋದಲ್ಲಿ ಕೂತವರಿಗೂ ಮಾತಿದೆ ಎಂದು ಅವತ್ತೇ ಹೇಳಿದ್ದರು.

ನಮ್ಮ ಕಡೆಯವರು ಇದನ್ನು ದೂರದ ಕಥೆ ಎಂದುಕೊಳ್ಳಬೇಕಿಲ್ಲ. ಹೆಚ್ಚೂಕಡಿಮೆ ಅದೇ ಕಾಲದಲ್ಲಿ ಇಲ್ಲೂ ಇದೇ ಕೆಲಸ ನಡೆದಿತ್ತು. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ 8 ಸಂಪುಟ ತಂದಿತು. 450ಕ್ಕೂ ಹೆಚ್ಚು ಫೋಟೋ, ಹೆಚ್ಚಿನವಕ್ಕೆ ಜಾತಿ ಬುಡಕಟ್ಟುಗಳದ್ದೇ ಶೀರ್ಷಿಕೆ. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ 7 ಸಂಪುಟ ಹೊರತಂದರು. ಜನರ ಮೂಗಿನ ಅಳತೆ ತೆಗೆದು ಬರೆದಿಟ್ಟವರು ಅವರು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು, ಹಾಗಾಗಿ ಕೊರಗರೂ ಅದರಲ್ಲಿ ಬರುತ್ತಾರೆ. ಆ ಮುಖಗಳ ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ.

ಹಾಗಾದರೆ ದಾರಿ ಏನು? ದಾರಿ ಇದೆ, ಕೆಲವರು ನಡೆದೂ ತೋರಿಸಿದ್ದಾರೆ. ಕೆನಡಾದ ರಾಷ್ಟ್ರೀಯ ಪತ್ರಾಗಾರ 2000ದ ದಶಕದ ಆರಂಭದಲ್ಲಿ ‘ಪ್ರಾಜೆಕ್ಟ್ ನೇಮಿಂಗ್’ ಶುರುಮಾಡಿತು. ಅಲ್ಲೂ ಉತ್ತರದ ಮೂಲನಿವಾಸಿಗಳಾದ ಇನ್ಯುಯಿಟ್ ಜನರ ಸಾವಿರಾರು ಫೋಟೋಗಳಿಗೆ ಹೆಸರಿರಲಿಲ್ಲ. ನುನಾವುಟ್‌ನ ಕಾಲೇಜು ಹುಡುಗ ಹುಡುಗಿಯರು ಆ ಫೋಟೋಗಳನ್ನು ಲ್ಯಾಪ್‌ಟಾಪಿಗೆ ತುಂಬಿಕೊಂಡು ಉತ್ತರದ ಹಳ್ಳಿಗಳಿಗೆ ಹೋದರು. ಮುದುಕ ಮುದುಕಿಯರ ಪಕ್ಕ ಕೂತು ಒಂದೊಂದೇ ತೋರಿಸಿದರು. ಇವರು ಇಂಥವರು, ಇವರ ಮಗ ಅವನು, ಈ ನಾಯಿ ಅವರದ್ದು ಎಂದು ಹಿರಿಯರು ಹೇಳುತ್ತಾ ಹೋದರು. ಹೀಗೆ ಸಾವಿರಾರು ಮುಖಗಳಿಗೆ ಹೆಸರು ಸಿಕ್ಕಿತು. ಹೇಳುವ ಹಿರಿಯರು ಬದುಕಿರುವಾಗಲೇ ಮುಗಿಸಬೇಕಾದ ಕೆಲಸ ಇದು. ಅವರ ಜೊತೆ ನೆನಪೂ ಹೋಗುತ್ತದೆ.

ಅಮೆರಿಕದಲ್ಲಿ ಮೂಲನಿವಾಸಿಗಳೂ ಪತ್ರಾಗಾರದವರೂ ಸೇರಿ 2006ರಲ್ಲಿ ಒಂದು ನಡವಳಿಕೆಯ ಸೂತ್ರ ಬರೆದರು. ಇಂಥ ಸಾಮಗ್ರಿ ಇಟ್ಟುಕೊಂಡವರು ಆಯಾ ಜನರನ್ನು ಕೇಳಿ ನಡೆದುಕೊಳ್ಳಬೇಕು ಎಂಬುದು ಅದರ ತಿರುಳು. ದೇಶದ ಪತ್ರಾಗಾರಗಳ ಮುಖ್ಯ ಸಂಘ ಅದನ್ನು ಒಪ್ಪಿಕೊಳ್ಳಲು 2018ರವರೆಗೆ ಸಮಯ ತೆಗೆದುಕೊಂಡಿತು. ಅದೇ ಹೊತ್ತಿಗೆ ಲೈಬ್ರರಿ ಆಫ್ ಕಾಂಗ್ರೆಸ್ ಪಾಸಮಕ್ವಾಡಿ ಎಂಬ ಮೂಲನಿವಾಸಿ ಜನರ 1890ರ ಧ್ವನಿಮುದ್ರಣಗಳಿಗೆ ಆ ಜನರೇ ಬರೆದುಕೊಟ್ಟ ಗುರುತುಚೀಟಿ ಅಂಟಿಸಿತು. ಇದನ್ನು ಹೇಗೆ ಬಳಸಬಹುದು, ಯಾರನ್ನು ನೆನೆಯಬೇಕು ಎಂದು ಅವರ ಮಾತಿನಲ್ಲೇ ಇದೆ. ಧ್ವನಿಗೆ ಮಾಡಿದ್ದನ್ನು ಮುಖಕ್ಕೆ ಮಾಡಲು ಏನು ಅಡ್ಡಿ?

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಹಳೆಯ ಡಿನೇ ರೂಢಿಯಲ್ಲಿ ಸತ್ತವರ ಹೆಸರು ಹಿಡಿದು ಮಾತಾಡುವುದಿಲ್ಲ. ಕೆಲವು ಹೆಸರುಗಳು ಮನೆಯೊಳಗಿನವು, ಹೊರಗಿನವರ ಮುಂದೆ ಹೇಳುವಂಥವಲ್ಲ. ಹಾಗಾಗಿ 1904ರಲ್ಲಿ ಆಕೆಯೇ ಹೆಸರು ಹೇಳದೆ ಇದ್ದಿರಬಹುದು. ‘ನಿನಗೇಕೆ ಬೇಕು ನನ್ನ ಹೆಸರು’ ಎಂದು ಬಾಯಿ ಮುಚ್ಚಿಕೊಂಡು ಕೂತಿರಬಹುದು. ಆ ಮೌನವೂ ಆಕೆಯದ್ದೇ, ಅದಕ್ಕೂ ಬೆಲೆ ಕೊಡಬೇಕು. ಅದಕ್ಕೇ ನಾವೆಲ್ಲ ಸೇರಿ ಮುಖ ಗುರುತಿಸುವ ಸಾಫ್ಟ್‌ವೇರ್ ಓಡಿಸಿ ಹೆಸರು ಪತ್ತೆಮಾಡಿಬಿಡೋಣ ಎಂಬ ಉತ್ಸಾಹ ನನಗೆ ಸರಿಯೆನಿಸುವುದಿಲ್ಲ. ಹೆಸರು ಹೊರಗೆ ಬರಬೇಕೋ ಬೇಡವೋ ಎಂದು ನಿರ್ಧರಿಸಬೇಕಾದವರು ಆಕೆಯ ಕುಲದವರು. ಇವತ್ತಿಗೂ ನವಾಹೋ ನಾಡಿಗೆ ಹೋದರೆ ಅಲ್ಲಿಯವರ ಫೋಟೋ ತೆಗೆಯುವ ಮುಂಚೆ ಕೇಳಬೇಕು, ವ್ಯಾಪಾರಕ್ಕಾದರೆ ಪರವಾನಗಿ ಪಡೆಯಬೇಕು. ಅವರು ಬಯಸುವುದು ಅಷ್ಟನ್ನೇ: ಮೊದಲು ಕೇಳಿ.

ನಮ್ಮಂಥವರು ಮಾಡಬಹುದಾದದ್ದು ಸಣ್ಣದು. ಇಂಥ ಫೋಟೋ ಹಂಚಿಕೊಳ್ಳುವಾಗ ತೆಗೆದವರ ಹೆಸರು, ಇಸವಿ, ಯಾವ ಸಂಗ್ರಹ ಎಂಬುದನ್ನು ಹುಡುಕಿ ಬರೆಯಬಹುದು. ‘ಡಿನೇ’ ಎಂದು ಬರೆಯಬಹುದು. ಕಂಪ್ಯೂಟರ್ ಬಳಿದ ಬಣ್ಣವಾದರೆ ಹಾಗೆಂದು ಹೇಳಬಹುದು. ಯಾರೋ ಕಟ್ಟಿದ ‘ಸುಂದರ ರಾಜಕುಮಾರಿ’ಯ ಕಥೆ ಅಂಟಿಸಿದ್ದರೆ ಅದನ್ನು ಮುಂದಕ್ಕೆ ತಳ್ಳದೆ ಇರಬಹುದು.

ವಿಲ್ ವಿಲ್ಸನ್ ಎಂಬ ಡಿನೇ ಫೋಟೋಗ್ರಾಫರ್ ಇದ್ದಾರೆ. ನವಾಹೋ ನಾಡಿನಲ್ಲಿ ಬೆಳೆದವರು. 2012ರಲ್ಲಿ ಅವರು ಒಂದು ಕೆಲಸ ಶುರುಮಾಡಿದರು. ಕರ್ಟಿಸ್‌ಗಿಂತಲೂ ಹಿಂದಿನ ಕಾಲದ, ಅದೇ ಒದ್ದೆ ಕೊಲೋಡಿಯನ್ ವಿಧಾನ. ದೊಡ್ಡ ಮರದ ಕ್ಯಾಮೆರಾ, ತಗಡಿನ ಹಾಳೆ, ಬೆಳ್ಳಿಯ ಲವಣ, ಕತ್ತಲೆ ಡೇರೆ. ಎದುರು ಕೂರುವವರು ಹೆಚ್ಚಾಗಿ ಮೂಲನಿವಾಸಿಗಳು. ಏನು ಉಡಬೇಕು, ಕೈಯಲ್ಲಿ ಏನು ಹಿಡಿಯಬೇಕು, ಎತ್ತ ನೋಡಬೇಕು ಎಂದು ಕೂತವರೇ ಹೇಳುತ್ತಾರೆ. ಕೆಲವು ಚಿತ್ರಗಳ ಮುಂದೆ ಮೊಬೈಲ್ ಹಿಡಿದರೆ ಆ ವ್ಯಕ್ತಿ ಕದಲುತ್ತಾರೆ, ಮಾತಾಡುತ್ತಾರೆ. ಆ ಚಲನೆ ಅವರದ್ದೇ, ಆ ದನಿಯೂ ಅವರದ್ದೇ.

ಫೋಟೋ ತೆಗೆದಾದ ಮೇಲೆ ತಗಡನ್ನು ರಸಾಯನದ ನೀರಿಗೆ ಇಳಿಸುತ್ತಾರೆ. ಮಸುಕಾದ ನೀಲಿ ಮಬ್ಬು ಕರಗುತ್ತಾ ಮುಖ ನಿಧಾನವಾಗಿ ಮೇಲೆ ಬರುತ್ತದೆ. ಕೂತವರು ಪಕ್ಕದಲ್ಲೇ ನಿಂತು ನೋಡಬಹುದು. ವಿಲ್ಸನ್ ಅದನ್ನು ಸ್ಕ್ಯಾನ್ ಮಾಡಿ ಪ್ರತಿಯೊಂದನ್ನು ತಾವು ಇಟ್ಟುಕೊಳ್ಳುತ್ತಾರೆ. ಮೂಲ ತಗಡು ಕೂತವರ ಕೈಗೆ, ಅಲ್ಲಿಂದ ಅವರ ಮನೆಗೆ ಹೋಗುತ್ತದೆ.